ಕುದುರೆ ಮೇಯುವ ನೆಲಕ್ಕೆ ಸೈಟಿನ ಬೆಲೆ

ಕುಣಿಗಲ್ ಎಂದರೆ ಹಾಡಿನಲ್ಲಿ ಕೆರೆ, ಊರವರ ಮಾತಿನಲ್ಲಿ ಕುದುರೆ ಫಾರಂ. ಟಿಪ್ಪು ಸುಲ್ತಾನನ ಕಾಲದಲ್ಲಿ ಅಶ್ವದಳಕ್ಕೆ ಕುದುರೆ ಬೆಳೆಸಿದ ಈ ನೆಲ, ಮುಂದೆ ಬ್ರಿಟಿಷರ, ಮೈಸೂರು ಸಂಸ್ಥಾನದ, ಬಳಿಕ ರಾಜ್ಯ ಸರ್ಕಾರದ ಕೈಗೆ ಬಂತು. 1992ರಲ್ಲಿ ಖಾಸಗಿ ಸಂಸ್ಥೆಗೆ 30 ವರ್ಷದ ಗುತ್ತಿಗೆಯಾಯಿತು. ಯುದ್ಧದ ಕುದುರೆಯ ಜಾಗಕ್ಕೆ ರೇಸಿನ ಕುದುರೆ ಬಂದರೂ ಹುಲ್ಲುಗಾವಲು ಮಾತ್ರ ಉಳಿಯಿತು.

ಸುತ್ತಲಿನ ಲೋಕ ಹಾಗೇ ಉಳಿಯಲಿಲ್ಲ. ಬೆಂಗಳೂರು–ಮಂಗಳೂರು ಹೆದ್ದಾರಿ ಅಗಲವಾಯಿತು. 2017ರಲ್ಲಿ ಬೆಂಗಳೂರು–ಹಾಸನ ರೈಲು ಕುಣಿಗಲ್ ಮೂಲಕ ಓಡಿತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ರದ್ದಾಗಿ, ಕೃಷಿಕರಲ್ಲದವರಿಗೂ ಹೊಲ ಕೊಳ್ಳುವ ದಾರಿ ತೆರೆಯಿತು. ರಾಗಿ ಹೊಲ, ತೆಂಗಿನ ತೋಟಗಳ ನಡುವೆ ಬಡಾವಣೆಯ ಕಲ್ಲುಗಳು ಎದ್ದವು.

2024ರಲ್ಲಿ ಫಾರಂನ 400ಕ್ಕೂ ಹೆಚ್ಚು ಎಕರೆಯಲ್ಲಿ ಟೌನ್‌ಶಿಪ್ ಕಟ್ಟುವ ಪ್ರಸ್ತಾವವನ್ನು ಸರ್ಕಾರ ಮುಂದಿಟ್ಟಿತು. ಪರಂಪರೆ ಉಳಿಸಬೇಕೆಂಬ ವಿರೋಧ ಕೂಡಲೇ ಎದ್ದಿತು.

ಮನೆಗಳ ಅಗತ್ಯ ನಿಜ. ಜಮೀನಿಗೆ ಬೆಲೆ ಬಂದರೆ ಸಾಲದಲ್ಲಿರುವ ರೈತನಿಗೂ ಉಸಿರು. ಆದರೆ ಒಮ್ಮೆ ಭೂಪರಿವರ್ತನೆಯಾಗಿ ಕಾಂಕ್ರೀಟು ಬಿದ್ದ ನೆಲ ಮತ್ತೆ ಹುಲ್ಲುಗಾವಲಾಗುವುದಿಲ್ಲ. ಬಡಾವಣೆಗೆ ಬೇರೆ ಜಾಗ ಹುಡುಕಬಹುದು. ಶತಮಾನಗಳಿಂದ ಕುದುರೆ ಮೇದ ಹುಲ್ಲುಗಾವಲು ಕುಣಿಗಲ್ಲಿಗೆ ಇದೊಂದೇ.