ಜೂ ಮಿಂಗ್ ಮತ್ತು ಕಂಚಿಗಿಳಿದ ತೈಚಿ

ಚೀನೀ ಸಮರಕಲೆಯು ಶಿಲ್ಪಕ್ಕೆ ವಸ್ತುವಾದದ್ದು ಆಧುನಿಕ ಕಾಲದಲ್ಲೇನೂ ಅಲ್ಲ. ಫೂಜಿಯಾನ್ ಪ್ರಾಂತದಿಂದ ತೈವಾನ್ ದ್ವೀಪಕ್ಕೆ ವಲಸೆ ಬಂದವರ ದೇವಾಲಯಗಳಲ್ಲಿ, ದೈವತ್ವಕ್ಕೇರಿದ ಸೇನಾನಿ ಗ್ವಾನ್ ಯು ಮೊದಲಾದ ವೀರರ ರೂಪಗಳನ್ನು ಕವಚ, ಗಡ್ಡ, ಆಯುಧಗಳ ಸಮೇತ ಮರದಲ್ಲಿ ಕೆತ್ತುವ ಪರಂಪರೆಯಿದ್ದು, ಅಲ್ಲಿ ವೀರನನ್ನು ಗುರುತಿಸುವುದು ಈ ವಿವರಗಳಿಂದಲೇ. 20ನೆಯ ಶತಮಾನದ ಉತ್ತರಾರ್ಧದಲ್ಲಿ ಇದೇ ಪರಂಪರೆಯಿಂದ ಹೊರಟ ಶಿಲ್ಪಿ ಜೂ ಮಿಂಗ್ ಅಂಥ ವಿವರಗಳನ್ನೆಲ್ಲ ಕಳಚಿಟ್ಟು, ದೇಹದ ಚಲನೆಯೊಂದನ್ನೇ ಕಂಚಿಗೆ ಇಳಿಸಿದರು.

ತೈವಾನಿನ ಟಾಂಗ್‌ಶಿಯಾವೊದಲ್ಲಿ 1938ರಲ್ಲಿ ಹುಟ್ಟಿದ ಜೂ ಮಿಂಗ್, 15ನೆಯ ವಯಸ್ಸಿನಲ್ಲಿ ಲೀ ಚಿನ್‌ಚುವಾನ್ ಎಂಬ ದೇವಾಲಯ ಶಿಲ್ಪಿಯ ಬಳಿ ಮರಗೆತ್ತನೆ ಕಲಿಯತೊಡಗಿದರು. ಸ್ವಂತ ಕಸುಬಿನಲ್ಲಿ ನೆಲೆನಿಂತ ಮೇಲೂ ತೃಪ್ತರಾಗದೆ, 1968ರಲ್ಲಿ ಆಧುನಿಕ ಶಿಲ್ಪಿ ಯಾಂಗ್ ಯಿಂಗ್‌ಫೆಂಗ್ ಅವರ ಶಿಷ್ಯರಾದರು. ದೇಹವನ್ನೂ ಮನಸ್ಸನ್ನೂ ಹದಗೊಳಿಸಿಕೊಳ್ಳಲು ತೈಚಿ ಎಂಬ ಸಮರಕಲೆಯ ಅಭ್ಯಾಸ ಮಾಡುವಂತೆ ಸೂಚಿಸಿದವರು ಈ ಗುರುಗಳೇ. ತೈಪೆಯ ರಾಷ್ಟ್ರೀಯ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ 1976ರಲ್ಲಿ ನಡೆದ ಪ್ರದರ್ಶನದಲ್ಲಿ ಎಮ್ಮೆ, ಗಾಡಿ, ಹಳ್ಳಿಯ ಬದುಕಿನ ಮರದ ಶಿಲ್ಪಗಳಿಂದ ಹೆಸರಾದ ಅವರು, ಆ ಜನಪ್ರಿಯ ವಸ್ತುವಿಗೇ ಅಂಟಿಕೊಳ್ಳದೆ ತೈಚಿ ಭಂಗಿಗಳ ಶಿಲ್ಪಸರಣಿಯತ್ತ ಹೊರಳಿದರು.

ತೈಚಿ ಎಂಬುದು ಮೂಲತಃ ತತ್ತ್ವಶಾಸ್ತ್ರದ ಪರಿಭಾಷೆ. 11ನೆಯ ಶತಮಾನದ ಚಿಂತಕ ಜೌ ದುನ್‌ಯಿ ವಿವರಿಸಿದಂತೆ, ನಿಶ್ಚಲತೆಯ ಗುಣವಾದ ಯಿನ್ ಮತ್ತು ಚಲನೆಯ ಗುಣವಾದ ಯಾಂಗ್ ಎರಡೂ ಹೊಮ್ಮುವ ಮೂಲತತ್ತ್ವವಿದು. ಹೆನಾನ್ ಪ್ರಾಂತದ ಚೆನ್ ಮನೆತನದ ಹಳ್ಳಿಯಲ್ಲಿ ಬೆಳೆದು, 19ನೆಯ ಶತಮಾನದಲ್ಲಿ ಯಾಂಗ್ ಲೂಚಾನ್ ಎಂಬ ಸಮರಕಲಾವಿದನ ಮೂಲಕ ಬೀಜಿಂಗ್ ತಲುಪಿದ ಸಮರಕಲೆಯೂ ಈ ಹೆಸರನ್ನೇ ಪಡೆಯಿತು. ಎದುರಾಳಿಯ ಬಲವನ್ನು ಬಲದಿಂದ ತಡೆಯದೆ, ಅದಕ್ಕೆ ಮಣಿದಂತೆ ಮಾಡಿ ಅದರ ದಿಕ್ಕನ್ನೇ ತಿರುಗಿಸುವುದು ಇದರ ಮರ್ಮ.

ಜೂ ಮಿಂಗ್ ಅವರಲ್ಲಿ ಈ ತತ್ತ್ವವು ಗ್ರಂಥದಿಂದಲ್ಲ, ದೇಹದ ಅಭ್ಯಾಸದಿಂದ ಬಂದುದರಿಂದ, ಅದು ಶಿಲ್ಪದ ವಿಷಯವಾಗುವುದಕ್ಕಿಂತ ಹೆಚ್ಚಾಗಿ ಕೆಲಸದ ಕ್ರಮವಾಯಿತು. ಯೋಚನೆ ಅಡ್ಡಬರುವ ಮುನ್ನವೇ ಕೈ ತನ್ನ ಕೆಲಸ ಮುಗಿಸಬೇಕೆಂದು ಅವರು ಮರದ ದಿಮ್ಮಿಗಳನ್ನು ವೇಗವಾಗಿ ಸೀಳುತ್ತಿದ್ದರು. ದೊಡ್ಡ ಕೃತಿಗಳಿಗೆ ಸುಲಭವಾಗಿ ತುಂಡಾಗುವ ಥರ್ಮೋಕೋಲನ್ನು ಕತ್ತರಿಸಿ, ಆ ಮಾದರಿಯಿಂದ ಕಂಚಿನ ಎರಕ ಹೊಯ್ಯಿಸುತ್ತಿದ್ದರು. ಸೀಳಿದ ಮರದ ಎಳೆಗಳೂ ಕತ್ತರಿಸಿದ ಹೊರಮೈಯ ಒರಟುತನವೂ ಎರಕದಲ್ಲಿ ಅಳಿಯದೆ ಉಳಿಯುವುದರಿಂದ, ಕ್ಷಣಮಾತ್ರದ ಕೈಚಲನೆ ಲೋಹದಲ್ಲಿ ಸ್ಥಿರವಾಗುತ್ತದೆ. ಒಂದು ಕೈಯ ಬೆರಳುಗಳನ್ನು ಕೊಕ್ಕಿನಂತೆ ಕೂಡಿಸಿ ಬಾಗಿಸಿ, ಇನ್ನೊಂದು ಕೈಯನ್ನು ಮುಂದೆ ಚಾಚುವ ‘ಒಂಟಿ ಚಾಟಿ’ ಎಂಬ ತೈಚಿ ಭಂಗಿಯ ಶಿಲ್ಪಗಳಲ್ಲಿ ಮುಖಲಕ್ಷಣಗಳಾಗಲಿ ಬೆರಳುಗಳಾಗಲಿ ಸ್ಪಷ್ಟವಾಗಿ ಮೂಡದಿದ್ದರೂ, ದೇಹದ ಭಾರ ಯಾವ ಕಾಲಿನ ಮೇಲಿದೆ, ಬಲ ಎತ್ತ ಹರಿಯುತ್ತಿದೆ ಎಂಬುದು ದೂರದಿಂದಲೇ ತಿಳಿಯುತ್ತದೆ.

ಬಿಸಿಲು ಮಳೆಗಳನ್ನು ತಾಳುವ ಕಂಚು ಈ ಶಿಲ್ಪಗಳನ್ನು ನಗರಗಳ ಬಯಲಿಗೆ ತಂದಿತು. ಹಾಂಗ್‌ಕಾಂಗ್‌ನ ಎಕ್ಸ್‌ಚೇಂಜ್ ಸ್ಕ್ವೇರ್‌ನಲ್ಲೂ ಕೆನಡಾದ ಮಾಂಟ್ರಿಯಲ್ ನಗರದಲ್ಲೂ ತೈಚಿ ಶಿಲ್ಪಗಳು ನೆಲೆಗೊಂಡವು. 1997ರಲ್ಲಿ ಪ್ಯಾರಿಸ್ಸಿನ ಪ್ಲಾಸ್ ವಾಂಡೋಮ್ ಚೌಕದಲ್ಲಿ ಪ್ರದರ್ಶನ ನಡೆಯಿತು. 1999ರಲ್ಲಿ ಉತ್ತರ ತೈವಾನಿನ ಜಿನ್‌ಶಾನ್‌ನಲ್ಲಿ ಶಿಲ್ಪಿಯೇ ಕಟ್ಟಿಸಿದ ಜೂ ಮಿಂಗ್ ವಸ್ತುಸಂಗ್ರಹಾಲಯ ತೆರೆಯಿತು.

ಸರಣಿ ಬೆಳೆದಂತೆ ಒಂಟಿ ಯೋಧನ ಜಾಗಕ್ಕೆ ಎದುರುಬದುರಾದ ಜೋಡಿಗಳು ಬಂದವು, ಬಳಿಕ ಆ ಎರಡು ದೇಹಗಳೂ ಬೆಸೆದು ಕಮಾನುಗಳಾದವು. ಇಂಥ ಕಮಾನುಗಳಲ್ಲಿ ತಳ್ಳುವವರು ಯಾರು, ಮಣಿಯುವವರು ಯಾರು ಎಂದು ಬೇರ್ಪಡಿಸಲು ಬಾರದು. ಯಿನ್-ಯಾಂಗ್‌ಗಳ ಪರಸ್ಪರ ಅವಲಂಬನೆಯನ್ನು ಕಪ್ಪು-ಬಿಳುಪಿನ ಸುಪರಿಚಿತ ವೃತ್ತಚಿಹ್ನೆಯ ಹಂಗಿಲ್ಲದೆ, ಕೇವಲ ಭಾರ ಮತ್ತು ಆಧಾರಗಳ ಭಾಷೆಯಲ್ಲಿ ಹೇಳಬಲ್ಲ ಶಿಲ್ಪರೂಪವೊಂದನ್ನು 2023ರಲ್ಲಿ ನಿಧನರಾದ ಜೂ ಮಿಂಗ್ ರೂಪಿಸಿದರೆನ್ನಲು ಈ ಕಮಾನುಗಳೇ ಮುಖ್ಯ ಆಧಾರ.