ಪ್ಯಾಲೆಸ್ಟೀನ್: ಮಾನ್ಯತೆಯ ಮತಗಳು, ಗಡಿಯಲ್ಲಿ ನಿಂತ ಲಾರಿಗಳು

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಅಮರಗೋಳದಲ್ಲಿರುವ ಎಪಿಎಂಸಿ ಪ್ರಾಂಗಣವನ್ನು ಕಂಡವರಿಗೆ ಸರಕು ಲಾರಿಯ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಾರಿಯೊಂದಕ್ಕೆ 15 ಟನ್ ಉಳ್ಳಾಗಡ್ಡಿ ಹೇರಿದರೆ ಅದು ಎಷ್ಟು ಅಂಗಡಿಗಳಿಗೆ ಸಾಕಾದೀತೆಂಬುದನ್ನು ಇಲ್ಲಿನ ದಲಾಲರು, ಹಮಾಲರು ಕಣ್ಣಳತೆಯಲ್ಲೇ ಹೇಳಬಲ್ಲರು. ಗಾಜಾ ಪಟ್ಟಿಯ ಸಂಕಟವನ್ನು ಅರಿಯಲು ಇದೇ ಅಳತೆ ಸಾಕು. ಸುಮಾರು 365 ಚದರ ಕಿ.ಮೀ. ವಿಸ್ತೀರ್ಣದಲ್ಲಿ 20 ಲಕ್ಷಕ್ಕೂ ಹೆಚ್ಚು ಜನರಿರುವ ಆ ಪ್ರದೇಶಕ್ಕೆ ಯುದ್ಧಕ್ಕೆ ಮುನ್ನ ದಿನವೊಂದಕ್ಕೆ ಸರಾಸರಿ 500 ಲಾರಿ ಸರಕು ಬರುತ್ತಿತ್ತು.

2023ರ ಅಕ್ಟೋಬರ್ 7ರಂದು ಇಸ್ರೇಲಿನ ಮೇಲೆ ಹಮಾಸ್ ನೇತೃತ್ವದಲ್ಲಿ ನಡೆದ ದಾಳಿಯಲ್ಲಿ ಸುಮಾರು 1,200 ಜನ ಹತರಾದರು. 251 ಮಂದಿ ಒತ್ತೆಯಾಳುಗಳಾದರು. ಅನಂತರದ ಇಸ್ರೇಲಿ ಸೇನಾ ಕಾರ್ಯಾಚರಣೆಯಲ್ಲಿ, ಗಾಜಾದ ಆರೋಗ್ಯ ಸಚಿವಾಲಯದ ಲೆಕ್ಕದಂತೆ, 2025ರ ಅಕ್ಟೋಬರ್ ವೇಳೆಗೆ 67 ಸಾವಿರಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ಪ್ರಾಣ ಕಳೆದುಕೊಂಡಿದ್ದರು. ಭಾರತವು 2023ರ ಅಕ್ಟೋಬರ್ 22ರಂದು 6.5 ಟನ್ ಔಷಧ ಹಾಗೂ 32 ಟನ್ ಪರಿಹಾರ ಸಾಮಗ್ರಿಯನ್ನು ವಾಯುಪಡೆಯ ವಿಮಾನದಲ್ಲಿ ಈಜಿಪ್ಟಿನ ಎಲ್ ಅರಿಶ್‌ಗೆ ಕಳುಹಿಸಿತು. ಅಮರಗೋಳದ ಲೆಕ್ಕದಲ್ಲಿ ಅದು ಮೂರು ಲಾರಿಗೂ ಕಡಿಮೆ. ಆದರೆ ಕೊರತೆ ಕೇವಲ ದಾನದ್ದಾಗಿರಲಿಲ್ಲ. ಯಾವ ದೇಶ ಎಷ್ಟೇ ಕಳುಹಿಸಿದರೂ ಗಡಿದ್ವಾರ ತೆರೆದ ಹೊರತು ಅದು ಒಳಗೆ ತಲುಪುವಂತಿರಲಿಲ್ಲ. 2025ರ ಮಾರ್ಚ್ 2ರಿಂದ ಸುಮಾರು ಹನ್ನೊಂದು ವಾರ ಇಸ್ರೇಲ್ ಎಲ್ಲ ಸರಕನ್ನೂ ತಡೆಹಿಡಿಯಿತು. ಆಹಾರ ಭದ್ರತೆಯ ಮಟ್ಟವನ್ನು ನಿರ್ಧರಿಸುವ ಅಂತರರಾಷ್ಟ್ರೀಯ ತಜ್ಞ ವ್ಯವಸ್ಥೆಯಾದ ಐಪಿಸಿ ಅದೇ ವರ್ಷದ ಆಗಸ್ಟ್ 22ರಂದು ಗಾಜಾ ನಗರವನ್ನೊಳಗೊಂಡ ಪ್ರಾಂತದಲ್ಲಿ ಕ್ಷಾಮವಿರುವುದನ್ನು ದೃಢಪಡಿಸಿತು. ಇಸ್ರೇಲ್ ಈ ವರದಿಯನ್ನು ಅಲ್ಲಗಳೆಯಿತು.

ಇದೇ ಅವಧಿಯಲ್ಲಿ ಪ್ಯಾಲೆಸ್ಟೀನಿಗೆ ರಾಷ್ಟ್ರವೆಂಬ ಮಾನ್ಯತೆ ನೀಡುವವರ ಸಂಖ್ಯೆ ಏರಿತು. 2025ರ ಸೆಪ್ಟೆಂಬರ್ 21ರಂದು ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಪೋರ್ಚುಗಲ್‌ಗಳೂ ಮರುದಿನ ಫ್ರಾನ್ಸ್ ಮೊದಲಾದವೂ ಮಾನ್ಯತೆ ಘೋಷಿಸಿದವು. ವಿಶ್ವಸಂಸ್ಥೆಯ 193 ಸದಸ್ಯ ರಾಷ್ಟ್ರಗಳಲ್ಲಿ 157 ಈ ಸಾಲಿಗೆ ಸೇರಿದಂತಾಯಿತು. 1917ರಲ್ಲಿ ಬಾಲ್ಫೋರ್ ಘೋಷಣೆಯ ಮೂಲಕ ಯಹೂದ್ಯರಿಗೆ ಅಲ್ಲಿ ರಾಷ್ಟ್ರೀಯ ನೆಲೆಯ ಭರವಸೆಯಿತ್ತ ಬ್ರಿಟನ್, ಪ್ಯಾಲೆಸ್ಟೀನನ್ನು ಒಪ್ಪಿಕೊಳ್ಳಲು ನೂರೆಂಟು ವರ್ಷ ತೆಗೆದುಕೊಂಡಿತು.

ಇಷ್ಟು ಬೆಂಬಲವಿದ್ದೂ ಪೂರ್ಣ ಸದಸ್ಯತ್ವ ಏಕಿಲ್ಲ? ಅದಕ್ಕೆ ಭದ್ರತಾ ಮಂಡಳಿಯ ಶಿಫಾರಸು ಬೇಕು. ಐದು ಕಾಯಂ ಸದಸ್ಯರಲ್ಲಿ ಒಬ್ಬರು ವಿಟೋ ಚಲಾಯಿಸಿದರೂ ಅರ್ಜಿ ಅಲ್ಲೇ ನಿಲ್ಲುತ್ತದೆ. 2024ರ ಏಪ್ರಿಲ್ 18ರಂದು 12 ಸದಸ್ಯರು ಪರವಾಗಿದ್ದರೂ ಅಮೆರಿಕ ವಿಟೋ ಚಲಾಯಿಸಿತು. ಬಾಂಗ್ಲಾದೇಶಕ್ಕೂ ಇದೇ ಅನುಭವವಾಗಿತ್ತು. ಭಾರತ 1971ರ ಡಿಸೆಂಬರ್ 6ರಂದೇ ಅದಕ್ಕೆ ಮಾನ್ಯತೆ ನೀಡಿತ್ತಾದರೂ 1972ರಲ್ಲಿ ಚೀನಾ ವಿಟೋ ಮಾಡಿದ್ದರಿಂದ ಸದಸ್ಯತ್ವ ದೊರೆತದ್ದು 1974ರಲ್ಲಿ. ವ್ಯತ್ಯಾಸವಿಷ್ಟೆ: ಬಾಂಗ್ಲಾದೇಶದ ನೆಲ, ಗಡಿ, ಬಂದರುಗಳು ಅಷ್ಟರಲ್ಲಿ ಅದರ ಕೈಯಲ್ಲೇ ಇದ್ದವು. ಪ್ಯಾಲೆಸ್ಟೀನಿಗೆ 2012ರ ನವೆಂಬರ್ 29ರಿಂದ ಸದಸ್ಯೇತರ ವೀಕ್ಷಕ ರಾಷ್ಟ್ರದ ಸ್ಥಾನವಿದೆ. ಗಡಿಯ ಮೇಲೆ ಹಿಡಿತವಿಲ್ಲ.

ಆ ನೆಲದೊಂದಿಗೆ ಕನ್ನಡ ನಾಡಿನ ನಂಟು ಹಳೆಯದು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಪಡೆಯೊಡನೆ ಹೈಫಾ ಪಟ್ಟಣವನ್ನು ತುರ್ಕರಿಂದ ವಶಪಡಿಸಿಕೊಂಡದ್ದು ಮೈಸೂರು ಲ್ಯಾನ್ಸರ್ಸ್ ಅಶ್ವದಳ. ಆ ಗೆಲುವಿನ ಫಲ ಬ್ರಿಟಿಷರಿಗೆ ಸಂದಿತೆಂಬುದು ಬೇರೆ ಮಾತು. ಸ್ವತಂತ್ರ ಭಾರತ 1947ರಲ್ಲಿ ಪ್ಯಾಲೆಸ್ಟೀನ್ ವಿಭಜನೆಯ ವಿರುದ್ಧ ಮತ ನೀಡಿತು, 1950ರಲ್ಲಿ ಇಸ್ರೇಲನ್ನು ಮಾನ್ಯ ಮಾಡಿತು, 1988ರ ನವೆಂಬರ್‌ನಲ್ಲಿ ಪ್ಯಾಲೆಸ್ಟೀನ್ ರಾಷ್ಟ್ರವನ್ನು ಮಾನ್ಯ ಮಾಡಿದ ಮೊದಲಿಗರಲ್ಲಿ ಒಂದಾಯಿತು. ಇಸ್ರೇಲಿನೊಡನೆ ಪೂರ್ಣ ರಾಜತಾಂತ್ರಿಕ ಸಂಬಂಧ 1992ರಲ್ಲಿ ಏರ್ಪಟ್ಟಿತು.

ಎರಡೂ ಕಡೆಗೆ ನಂಟಿರುವ ಈ ನಿಲುವು ಯುದ್ಧಕಾಲದ ಮತಗಳಲ್ಲಿ ತೊಡಕಾಗಿ ಕಂಡಿತು. 2023ರ ಅಕ್ಟೋಬರ್ 27ರ ಕದನವಿರಾಮ ನಿರ್ಣಯದಲ್ಲಿ ಹಮಾಸ್ ಕೃತ್ಯದ ಉಲ್ಲೇಖವಿಲ್ಲವೆಂದು ಭಾರತ ತಟಸ್ಥವಾಯಿತು. ಡಿಸೆಂಬರ್ 12ರಂದು ಪರವಾಗಿ ಮತ ನೀಡಿತು. 2024ರ ಮೇ 10ರಂದು ಪ್ಯಾಲೆಸ್ಟೀನ್ ಸದಸ್ಯತ್ವವನ್ನು ಬೆಂಬಲಿಸಿತು. 2025ರ ಜೂನ್ 12ರಂದು ತಕ್ಷಣದ ಕದನವಿರಾಮಕ್ಕೆ 149 ರಾಷ್ಟ್ರಗಳು ಪರವಾಗಿದ್ದಾಗ ತಟಸ್ಥರಾದ 19ರಲ್ಲಿ ಭಾರತವೂ ಒಂದು. ಎರಡು ರಾಷ್ಟ್ರಗಳ ಪರಿಹಾರವನ್ನು ಸಾರುವ ನ್ಯೂಯಾರ್ಕ್ ಘೋಷಣೆಗೆ ಸೆಪ್ಟೆಂಬರ್ 12ರಂದು ಮತ್ತೆ ಒಪ್ಪಿಗೆಯಿತ್ತಿತು. ರಾಷ್ಟ್ರದ ಹಕ್ಕನ್ನು ಒಪ್ಪಿ, ಆ ರಾಷ್ಟ್ರದ ಜನ ಹಸಿದಿರುವಾಗ ತಟಸ್ಥವಾದ ಜೂನ್ ತಿಂಗಳ ಮತವನ್ನು ಸಮರ್ಥಿಸುವುದು ಕಷ್ಟ.

2025ರ ಅಕ್ಟೋಬರ್ 10ರಂದು ಕದನವಿರಾಮ ಜಾರಿಗೆ ಬಂತು. ದಿನಕ್ಕೆ 600 ಲಾರಿ ಬಿಡುವ ಮಾತಾಯಿತು. ಅದೇ 22ರಂದು ಅಂತರರಾಷ್ಟ್ರೀಯ ನ್ಯಾಯಾಲಯವು ವಿಶ್ವಸಂಸ್ಥೆಯ ನೆರವಿಗೆ ಅನುವು ಮಾಡಿಕೊಡುವುದು ಆಕ್ರಮಿತ ಪ್ರದೇಶದಲ್ಲಿ ಇಸ್ರೇಲಿನ ಬಾಧ್ಯತೆಯೆಂದು ಸಲಹಾ ಅಭಿಪ್ರಾಯ ನೀಡಿತು. ಅದನ್ನು ಕಡ್ಡಾಯವಾಗಿ ಜಾರಿಗೊಳಿಸುವ ಅಧಿಕಾರ ನ್ಯಾಯಾಲಯಕ್ಕಿಲ್ಲ. ಡಿಸೆಂಬರ್‌ನಲ್ಲಿ ಐಪಿಸಿ ಗಾಜಾದ ಯಾವ ಭಾಗವೂ ಕ್ಷಾಮದ ವರ್ಗದಲ್ಲಿಲ್ಲವೆಂದು ತಿಳಿಸಿತಾದರೂ, ತೀವ್ರ ಆಹಾರ ಕೊರತೆ ಎದುರಿಸುತ್ತಿದ್ದವರ ಸಂಖ್ಯೆ ಆಗಲೂ 15 ಲಕ್ಷವನ್ನು ಮೀರಿತ್ತು.