ರಸೀದಿ ಪುಸ್ತಕದ ಹಿಂದಿನ ಬಂದೂಕು

ರಮಝಾನ್‌ನಲ್ಲಿ ತರಾವೀಹ್ ಮುಗಿಸಿ ಮಸೀದಿಯಿಂದ ಹೊರಗೆ ಬರುವಾಗ ಬಾಗಿಲ ಪಕ್ಕ ರಸೀದಿ ಪುಸ್ತಕ ಹಿಡಿದು ನಿಂತವರನ್ನು ನೀವು ನೋಡಿರುತ್ತೀರಿ. ಒಬ್ಬರು ಮದರಸಾಕ್ಕೆ ಕೇಳುತ್ತಾರೆ, ಇನ್ನೊಬ್ಬರು ಅನಾಥಾಲಯಕ್ಕೆ, ಮತ್ತೊಬ್ಬರು ಎಲ್ಲೋ ಆದ ಪ್ರವಾಹದ ಸಂತ್ರಸ್ತರಿಗೆ. ನಾವು ಹೆಚ್ಚು ಪ್ರಶ್ನೆ ಕೇಳೋದಿಲ್ಲ. ಜೇಬಿಗೆ ಕೈ ಹಾಕಿ ನೂರೋ ಐನೂರೋ ಕೊಟ್ಟು, ನಮ್ಮ ಹೊಣೆ ಮುಗಿಯಿತು ಅಂದುಕೊಂಡು ಚಪ್ಪಲಿ ಹುಡುಕುತ್ತೇವೆ. ಹಾಗೆ ನಿಂತವರಲ್ಲಿ ಬಹುತೇಕರು ಪ್ರಾಮಾಣಿಕರೇ. ಅವರ ಮೇಲೆ ಅನುಮಾನ ಹುಟ್ಟಿಸೋದು ಈ ಲೇಖನದ ಉದ್ದೇಶ ಅಲ್ಲ. ಆದರೆ ಜನರ ಇಂಥ ಒಳ್ಳೆಯತನವನ್ನೇ ಬಂಡವಾಳ ಮಾಡಿಕೊಂಡು ಬಂದೂಕು ನಡೆಸಿದ ಗುಂಪುಗಳು ಕಳೆದ ಐವತ್ತು ವರ್ಷಗಳಲ್ಲಿ ಎಷ್ಟೋ ಆಗಿಹೋಗಿವೆ. ಆ ಚರಿತ್ರೆ ನಮ್ಮ ವಿದ್ಯಾರ್ಥಿಗಳಿಗೆ ಗೊತ್ತಿರಬೇಕು.

ಮೊದಲೇ ಒಂದು ಮಾತು. ಇದು ಒಂದು ಧರ್ಮದವರ ಕಾಯಿಲೆ ಅಂತ ಯಾರಾದರೂ ನಿಮಗೆ ಹೇಳಿದರೆ ಅವರನ್ನು ಐರ್ಲೆಂಡಿಗೆ ಕರೆದುಕೊಂಡು ಹೋಗಿ. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಉತ್ತರ ಐರ್ಲೆಂಡಿನಲ್ಲಿ ಬಾಂಬು ಹಾಕುತ್ತಿದ್ದ ಐಆರ್‌ಎಗೆ ಕ್ಯಾಥೊಲಿಕ್ ಬಡಾವಣೆಗಳೇ ಆಸರೆ. 1970ರಲ್ಲಿ ನ್ಯೂಯಾರ್ಕಿನಲ್ಲಿ ನೊರೇಡ್ ಎಂಬ ಸಂಸ್ಥೆ ಹುಟ್ಟಿತು. ಜೈಲಿನಲ್ಲಿರುವವರ ಹೆಂಡತಿ ಮಕ್ಕಳಿಗೆ ನೆರವು ಅಂತ ಹೇಳಿ ಅಮೆರಿಕದಲ್ಲಿದ್ದ ಐರಿಷ್ ಮೂಲದವರಿಂದ ಅದು ಹಣ ಎತ್ತಿತು. ಆ ಹಣ ಬಂದೂಕಿಗೂ ಹೋಗುತ್ತಿದೆ ಅನ್ನುವುದು ಬ್ರಿಟನ್, ಐರ್ಲೆಂಡ್ ಮತ್ತು ಅಮೆರಿಕ ಸರಕಾರಗಳ ಆರೋಪವಾಗಿತ್ತು. 1981ರಲ್ಲಿ ಜೈಲಿನಲ್ಲಿ ಉಪವಾಸ ಕೂತಿದ್ದ ಬಾಬಿ ಸ್ಯಾಂಡ್ಸ್ ಅಲ್ಲಿಂದಲೇ ಬ್ರಿಟಿಷ್ ಸಂಸತ್ತಿಗೆ ಆಯ್ಕೆಯಾದರು, 66ನೇ ದಿನ ತೀರಿಕೊಂಡರು. ಮತಪೆಟ್ಟಿಗೆಗೂ ಬಲ ಇದೆ ಅನ್ನೋದು ಐಆರ್‌ಎಗೆ ಆಗ ಮನವರಿಕೆಯಾಯಿತು. ಅದರ ರಾಜಕೀಯ ಮುಖವಾದ ಶಿನ್ ಫೇನ್ ಪಕ್ಷ ಬೆಳೆಯಿತು. ಕಡೆಗೆ ಬಂದೂಕನ್ನು ಕೆಳಗಿಡಿಸಿದ್ದೂ ಆ ರಾಜಕೀಯವೇ. 1998ರ ಒಪ್ಪಂದ ಆಯಿತು, 2005ರಲ್ಲಿ ಶಸ್ತ್ರ ತ್ಯಜಿಸಿದ್ದಾಯಿತು. ಅಷ್ಟರಲ್ಲಿ ಆ ಸಂಘರ್ಷದಲ್ಲಿ ಎಲ್ಲ ಕಡೆಯವರೂ ಸೇರಿ ಸುಮಾರು 3,500 ಜನ ಸತ್ತಿದ್ದರು.

ಐರ್ಲೆಂಡ್ ದೂರದ ಮಾತಾಯಿತು. ನಮ್ಮ ಪಕ್ಕದಲ್ಲೇ, ಶ್ರೀಲಂಕಾದಲ್ಲಿ ಏನಾಯಿತು ನೋಡಿ. ಚೆನ್ನೈಯಲ್ಲಿರುವ ನಮ್ಮ ಕನ್ನಡಿಗ ಓದುಗರಲ್ಲಿ ಹಿರಿಯರಿಗೆ ಇದು ನೆನಪಿರಬಹುದು.

1976ರಲ್ಲಿ ಹುಟ್ಟಿದ ಎಲ್‌ಟಿಟಿಇ, ಅಂದರೆ ತಮಿಳು ಹುಲಿಗಳು, ಮೊದಮೊದಲು ಸಣ್ಣ ಗುಂಪು. 1983ರ ಜುಲೈನಲ್ಲಿ ಕೊಲಂಬೊದಲ್ಲಿ ತಮಿಳರ ಮನೆ ಅಂಗಡಿಗಳಿಗೆ ಬೆಂಕಿ ಬಿತ್ತು, ನೂರಾರು ತಮಿಳರ ಕೊಲೆಯಾಯಿತು. ಲಕ್ಷಾಂತರ ಜನ ಊರು ಬಿಟ್ಟು ಕೆನಡಾ, ಬ್ರಿಟನ್, ಸ್ವಿಟ್ಜರ್ಲೆಂಡ್, ಜರ್ಮನಿ, ತಮಿಳುನಾಡು ಅಂತ ಚದುರಿದರು. ಅವರ ನೋವು ನಿಜ, ಅವರಿಗಾದ ಅನ್ಯಾಯ ನಿಜ. ಇಂಥ ಗುಂಪು ಬೆಳೆಯೋದು ನಿಜವಾದ ಗಾಯದ ಮೇಲೆಯೇ ಅನ್ನೋದನ್ನು ಮರೆತರೆ ಮುಂದಿನದು ಯಾವುದೂ ಅರ್ಥ ಆಗೋದಿಲ್ಲ.

ಹುಲಿಗಳು ಒಂದು ಸರಕಾರವನ್ನೇ ಕಟ್ಟಿದರು. ತಮ್ಮ ಹಿಡಿತದ ಪ್ರದೇಶದಲ್ಲಿ ಪೊಲೀಸ್, ಕೋರ್ಟು, ಬ್ಯಾಂಕು, ತೆರಿಗೆ ಎಲ್ಲ ಇತ್ತು. ಸಮುದ್ರದಲ್ಲಿ ಅವರದೇ ಹಡಗುಗಳು ಓಡಾಡುತ್ತಿದ್ದವು. ಮಾತುಕತೆಗೆ ರಾಜಕೀಯ ವಿಭಾಗ ಇತ್ತು. ಪ್ರತಿವರ್ಷ ನವೆಂಬರ್ 27ರಂದು ಸತ್ತ ಹೋರಾಟಗಾರರ ಸ್ಮರಣೆ ನಡೆಯುತ್ತಿತ್ತು. ಲಂಡನ್ನಿನಿಂದ ಟೊರಾಂಟೊವರೆಗೆ ಅದೇ ದೊಡ್ಡ ವಂತಿಗೆಯ ಸಂದರ್ಭವೂ ಹೌದು. ಪರಿಹಾರ ಕೆಲಸಕ್ಕೆ 1985ರಲ್ಲಿ ಹುಟ್ಟಿದ ತಮಿಳರ ಪುನರ್ವಸತಿ ಸಂಸ್ಥೆ ಇತ್ತು. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಉತ್ತರ ಮತ್ತು ಪೂರ್ವ ಕರಾವಳಿಯಲ್ಲಿ ಸರಕಾರಕ್ಕಿಂತ ಮೊದಲು ಹೆಣ ಎತ್ತಿದವರು, ಶಿಬಿರ ಹಾಕಿದವರು ಈ ಸಂಸ್ಥೆಯವರು ಅಂತ ಅಲ್ಲಿಗೆ ಹೋದ ಪತ್ರಕರ್ತರೇ ಬರೆದರು. ಹೊರದೇಶದ ತಮಿಳರು ಕೈಬಿಚ್ಚಿ ಕೊಟ್ಟರು. 2007ರ ನವೆಂಬರ್‌ನಲ್ಲಿ ಅಮೆರಿಕ ಈ ಸಂಸ್ಥೆಯ ಖಾತೆಗಳನ್ನು ಸ್ತಂಭನಗೊಳಿಸಿತು. ಹುಲಿಗಳಿಗೆ ಹಣ ಸಂಗ್ರಹಿಸುವ ಮುಖವಾಡ ಇದು ಎನ್ನುವುದು ಅದರ ಕಾರಣ.

ಎಲ್ಲರೂ ಮನಸಾರೆ ಕೊಟ್ಟರು ಅಂದುಕೊಳ್ಳಬೇಡಿ. 2006ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಈ ಬಗ್ಗೆ ಒಂದು ವರದಿ ಹೊರತಂದಿತು. 'ಕೊನೆಯ ಯುದ್ಧ'ಕ್ಕೆ ಅಂತ ಕೆನಡಾದ ಒಂದೊಂದು ತಮಿಳು ಕುಟುಂಬದಿಂದ 2,500ರಿಂದ 5,000 ಡಾಲರ್ ಕೇಳುತ್ತಿದ್ದರು ಎಂದು ಅದರಲ್ಲಿದೆ. ಇಲ್ಲ ಅಂದವರಿಗೆ, ಊರಿಗೆ ಹೋದಾಗ ನೋಡಿಕೊಳ್ಳುತ್ತೇವೆ ಎಂಬ ಬೆದರಿಕೆ. ಪಾತ್ರೆ ತೊಳೆದು, ಟ್ಯಾಕ್ಸಿ ಓಡಿಸಿ ದುಡಿದ ಹಣ ಅದು. ದಾನ ಹೋಗಿ ಹಫ್ತಾ ಆಗಿಬಿಟ್ಟಿತ್ತು.

ಈಗ ನಮ್ಮನ್ನು ಹೆಚ್ಚು ಕಾಡುವ ಭಾಗಕ್ಕೆ ಬರೋಣ. ತಮಿಳರ ರಕ್ಷಕರು ಎನಿಸಿಕೊಂಡವರು ತಮಿಳನ್ನೇ ಮನೆಮಾತಾಗಿ ಆಡುವ ಮುಸ್ಲಿಮರಿಗೆ ಏನು ಮಾಡಿದರು? 1990ರ ಆಗಸ್ಟ್ 3, ಶುಕ್ರವಾರ. ಪೂರ್ವ ಕರಾವಳಿಯ ಕಾತ್ತಾನ್‌ಕುಡಿಯ ಎರಡು ಮಸೀದಿಗಳಲ್ಲಿ ರಾತ್ರಿ ನಮಾಝಿಗೆ ನಿಂತಿದ್ದವರ ಮೇಲೆ ಬಂದೂಕುಧಾರಿಗಳು ಗುಂಡಿನ ಮಳೆಗರೆದರು. ನೂರಕ್ಕೂ ಹೆಚ್ಚು ಜನ, ಮಕ್ಕಳೂ ಸೇರಿ, ಅಲ್ಲೇ ಬಿದ್ದರು. ಹುಲಿಗಳು ತಾವಲ್ಲ ಅಂದರು. ಬದುಕುಳಿದವರು ಅವರೇ ಅಂದರು. ಅದೇ ವರ್ಷ ಅಕ್ಟೋಬರ್ ಕೊನೆಯಲ್ಲಿ ಜಾಫ್ನಾದ ಬೀದಿಗಳಲ್ಲಿ ಧ್ವನಿವರ್ಧಕ ಕೂಗಿತು: ಮುಸ್ಲಿಮರೆಲ್ಲ ಉಸ್ಮಾನಿಯಾ ಕಾಲೇಜಿನ ಬಳಿ ಸೇರಬೇಕು. ಹೋದವರಿಗೆ ಕೊಟ್ಟದ್ದು ಎರಡು ಗಂಟೆಗಳ ಗಡುವು. ತಲೆಮಾರುಗಳಿಂದ ಬಾಳಿದ ಮನೆ, ಅಂಗಡಿ, ಒಡವೆ ಎಲ್ಲ ಬಿಟ್ಟು ಹೊರಟರು. ಉತ್ತರ ಪ್ರಾಂತ್ಯದಿಂದ ಹೀಗೆ ಹೊರಹಾಕಲ್ಪಟ್ಟವರು 70,000ಕ್ಕೂ ಹೆಚ್ಚು. ಪುತ್ತಳಂನ ಶಿಬಿರಗಳಲ್ಲಿ ಅವರ ಮಕ್ಕಳು, ಮೊಮ್ಮಕ್ಕಳು ಹುಟ್ಟಿ ಬೆಳೆದರು. ಹುಲಿಗಳ ಪರಿಹಾರ ಸಂಸ್ಥೆಗೆ ಚಂದಾ ಕೊಟ್ಟ ಟೊರಾಂಟೊದ ಟ್ಯಾಕ್ಸಿ ಚಾಲಕನಿಗೆ ಇದರಲ್ಲಿ ಪಾಲಿದೆಯೇ? ಇದಕ್ಕೆ ಸುಲಭದ ಉತ್ತರ ನನ್ನ ಬಳಿ ಇಲ್ಲ. ಆದರೆ ಆ ಪ್ರಶ್ನೆಯನ್ನು ಕೇಳದೆ ಬಿಡುವ ಹಾಗೂ ಇಲ್ಲ.

ತಮ್ಮವರನ್ನೂ ಅವರು ಬಿಡಲಿಲ್ಲ. ಹಿರಿಯ ತಮಿಳು ನಾಯಕ ಅಮೃತಲಿಂಗಂ ಅವರನ್ನು 1989ರಲ್ಲಿ, ಕಾನೂನು ಪಂಡಿತ ನೀಲನ್ ತಿರುಚೆಲ್ವಂ ಅವರನ್ನು 1999ರಲ್ಲಿ ಕೊಂದರು. ಒಂದು ಕೈಯಲ್ಲಿ ರಾಜಕೀಯ ವಿಭಾಗ, ಇನ್ನೊಂದು ಕೈಯಲ್ಲಿ ಬೇರೆ ರಾಜಕಾರಣಿಗಳ ಕೊಲೆ. 1980ರ ದಶಕದಲ್ಲಿ ಚೆನ್ನೈ ಅವರಿಗೆ ಆಶ್ರಯ ಕೊಟ್ಟಿತ್ತು. 1991ರ ಮೇ 21ರಂದು ಅದೇ ಚೆನ್ನೈ ಸಮೀಪದ ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರನ್ನು ಕೊಂದರು. ಆ ಸಂಚಿನ ಮುಖ್ಯಸ್ಥ ಶಿವರಾಸನ್ ಕೊನೆಗೆ ಅಡಗಿದ್ದು, ಸತ್ತದ್ದು ಬೆಂಗಳೂರಿನ ಕೋಣನಕುಂಟೆಯ ಒಂದು ಮನೆಯಲ್ಲಿ. 2009ರ ಮೇ ತಿಂಗಳಲ್ಲಿ ಎಲ್ಲ ಮುಗಿಯಿತು. ಹುಲಿಗಳು ಜನರನ್ನೇ ಗುರಾಣಿ ಮಾಡಿಕೊಂಡರು, ಸೇನೆ ಆಸ್ಪತ್ರೆಗಳ ಮೇಲೂ ಶೆಲ್ ಹಾಕಿತು. ಆ ಕೊನೆಯ ತಿಂಗಳುಗಳಲ್ಲಿ 40,000ದವರೆಗೆ ನಾಗರಿಕರು ಸತ್ತಿರಬಹುದು ಅಂತ ವಿಶ್ವಸಂಸ್ಥೆಯ ತಜ್ಞರ ತಂಡ 2011ರಲ್ಲಿ ಹೇಳಿತು. ಯಾರ ಹೆಸರಿನಲ್ಲಿ ಹಣ ಎತ್ತಿದ್ದರೋ ಅವರೇ ಹೆಚ್ಚು ಸತ್ತರು.

ಇನ್ನು ನಮ್ಮದೇ ಮನೆಯ ಮಾತು. 1980ರ ದಶಕದ ಮಧ್ಯದಲ್ಲಿ ಪಾಕಿಸ್ತಾನದಲ್ಲಿ ಹಾಫಿಝ್ ಸಯೀದ್ ಮತ್ತಿತರರು ಮರ್ಕಝುದ್ದವಾ ವಲ್ ಇರ್ಶಾದ್ ಎಂಬ ಸಂಘಟನೆ ಕಟ್ಟಿದರು. ಲಾಹೋರ್ ಹತ್ತಿರದ ಮುರೀದ್ಕೆಯಲ್ಲಿ ಅವರ ದೊಡ್ಡ ಆವರಣ ಎದ್ದಿತು. ಅದರ ಬಂದೂಕಿನ ಕೈಗೆ ಲಷ್ಕರೆ ತಯ್ಯಿಬಾ ಎಂದು ಹೆಸರು. 2001ರ ಡಿಸೆಂಬರ್‌ನಲ್ಲಿ ನಮ್ಮ ಸಂಸತ್ ಭವನದ ಮೇಲೆ ದಾಳಿಯಾದ ಬಳಿಕ, 2002ರ ಜನವರಿಯಲ್ಲಿ ಪಾಕಿಸ್ತಾನ ಲಷ್ಕರನ್ನು ನಿಷೇಧಿಸಿತು. ಬೋರ್ಡು ಬದಲಾಯಿತು, ಜಮಾಅತುದ್ದವಾ ಅಂತ ಆಯಿತು. ಶಾಲೆ, ಆಸ್ಪತ್ರೆ, ಆಂಬುಲೆನ್ಸ್ ಎಲ್ಲ ಆ ಹೆಸರಿನಲ್ಲಿ ನಡೆದವು. ಅಂಗಡಿಗಳಲ್ಲಿ ಚಂದಾ ಡಬ್ಬಿ, ಬಕ್ರೀದಿನಲ್ಲಿ ಮನೆಮನೆಯಿಂದ ಕುರ್ಬಾನಿ ಚರ್ಮ. ಚರ್ಮವೇನು ಮಹಾ ಅಂತ ನಿಮಗನಿಸಬಹುದು. ಒಂದು ನಗರದ ಕುರ್ಬಾನಿ ಚರ್ಮವನ್ನೆಲ್ಲ ಒಟ್ಟು ಮಾಡಿ ಚರ್ಮದ ಮಂಡಿಗೆ ಮಾರಿದರೆ ಬರುವ ಹಣ ಸಣ್ಣದಲ್ಲ. 2005ರ ಅಕ್ಟೋಬರ್ 8ರ ಭೂಕಂಪದಲ್ಲಿ ಪಾಕಿಸ್ತಾನದ ಕಡೆ 73,000ಕ್ಕೂ ಹೆಚ್ಚು ಜನ ಸತ್ತಾಗ ಮುಝಫ್ಫರಾಬಾದ್‌ನಲ್ಲಿ ಬೇಗನೆ ಆಸ್ಪತ್ರೆ ತೆರೆದವರಲ್ಲಿ ಇವರೂ ಇದ್ದರು. ಗಾಯಾಳುಗಳಿಗೆ ಸಿಕ್ಕ ಔಷಧಿ ಸುಳ್ಳಲ್ಲ.

ಮೂರು ವರ್ಷಗಳ ನಂತರ, 2008ರ ನವೆಂಬರ್ 26ರಂದು, ಲಷ್ಕರ್ ತಯಾರು ಮಾಡಿದ ಹತ್ತು ಹುಡುಗರು ದೋಣಿಯಲ್ಲಿ ಮುಂಬೈಗೆ ಬಂದರು. ಸತ್ತವರು 166. ಸಿಎಸ್‌ಟಿ ನಿಲ್ದಾಣದಲ್ಲಿ ಊರಿನ ರೈಲಿಗೆ ಕಾದು ಕೂತಿದ್ದ ಬಡವರಲ್ಲಿ ಎಷ್ಟೋ ಮಂದಿ ಮುಸ್ಲಿಮರು. ಆ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಜಮಾಅತುದ್ದವಾವನ್ನು ಲಷ್ಕರಿನದೇ ಇನ್ನೊಂದು ಹೆಸರು ಅಂತ ಪಟ್ಟಿಗೆ ಸೇರಿಸಿತು. ಮತ್ತೆ ಬೋರ್ಡು ಬದಲಾಯಿತು, ಫಲಾಹೆ ಇನ್ಸಾನಿಯತ್ ಫೌಂಡೇಶನ್ ಮುಂದೆ ಬಂತು. 2017ರಲ್ಲಿ ಮಿಲ್ಲಿ ಮುಸ್ಲಿಂ ಲೀಗ್ ಎಂಬ ಪಕ್ಷವೂ ಹುಟ್ಟಿತು. ಅದಕ್ಕೆ ನೋಂದಣಿ ಸಿಗದಿದ್ದಾಗ 2018ರ ಚುನಾವಣೆಗೆ ಬೇರೊಂದು ಪಕ್ಷದ ಹೆಸರಲ್ಲಿ ನಿಂತು ಒಂದು ಸೀಟೂ ಗೆಲ್ಲದೆ ಸೋತರು. ಹಾಫಿಝ್ ಸಯೀದ್‌ಗೆ 2020ರ ಫೆಬ್ರವರಿಯಲ್ಲಿ ಲಾಹೋರ್ ಕೋರ್ಟು ಶಿಕ್ಷೆ ಕೊಟ್ಟದ್ದು ಭಯೋತ್ಪಾದನೆಗೆ ಹಣ ಹೊಂದಿಸಿದ ಪ್ರಕರಣದಲ್ಲಿ. ಅಂದರೆ ಬಂದೂಕಿನ ದಾರಿಯಲ್ಲಿ ಸಿಗದ ಮನುಷ್ಯ ರಸೀದಿ ಪುಸ್ತಕದ ದಾರಿಯಲ್ಲಿ ಸಿಕ್ಕಿಬಿದ್ದ.

ಈ ಮೂರೂ ಕಥೆಗಳಲ್ಲಿ ಸಮಾನವಾದದ್ದು ಏನು? ಎಲ್ಲಿ ಸರಕಾರ ಜನರ ಕೈಬಿಟ್ಟಿತ್ತೋ ಅಲ್ಲಿ ಈ ಗುಂಪುಗಳು ಹೊಕ್ಕವು. ಆಸ್ಪತ್ರೆಯಿಂದ ಋಣ ಹುಟ್ಟಿತು, ಆ ಋಣ ಬಾಯಿ ಮುಚ್ಚಿಸಿತು. ಸತ್ತವನ ಮನೆಗೆ ತಿಂಗಳ ಹಣ ಬರುತ್ತದೆ ಅಂತಾದರೆ ಸಾಯಲು ಹೊರಡುವ ಇನ್ನೊಬ್ಬ ಹುಡುಗ ಸಿಗುತ್ತಾನೆ. ರಾಜಕೀಯ ಮುಖ ಮಾತುಕತೆ ನಡೆಸಿ ಬಂದೂಕಿಗೆ ಸಮಯ ಗಳಿಸಿಕೊಡುತ್ತದೆ. ಎಲ್ಲದಕ್ಕಿಂತ ಮುಖ್ಯ, ಹಣಕ್ಕೆ ಹಣೆಪಟ್ಟಿ ಇರೋದಿಲ್ಲ. ಅಕ್ಕಿಗೆ ನೀವು ಕೊಟ್ಟ ಸಾವಿರ ರೂಪಾಯಿ ನಿಜವಾಗಿ ಅಕ್ಕಿಗೇ ಹೋದರೂ, ಅಕ್ಕಿಗಾಗಿ ಅವರು ತೆಗೆದಿಟ್ಟಿದ್ದ ಸಾವಿರ ಗುಂಡಿಗೆ ಹೋಗುತ್ತದೆ.

ಇದರ ಬೆಲೆ ತೆರುವವರು ಪ್ರಾಮಾಣಿಕರು. ನಿಜವಾಗಿ ಅನಾಥರನ್ನು ಸಾಕುವ ಸಂಸ್ಥೆಯ ಖಾತೆಯನ್ನೂ ಬ್ಯಾಂಕು ಅನುಮಾನದಿಂದ ನೋಡುತ್ತದೆ. ಗಡ್ಡ ಇಟ್ಟವರು ಚಂದಾ ಕೇಳಿದರೆ ಪಕ್ಕದ ಮನೆಯವರ ಕಣ್ಣು ಬೇರೆ ಆಗುತ್ತದೆ. ಆ ಅನುಮಾನ ಅನ್ಯಾಯದ್ದೇ, ಅದನ್ನು ವಿರೋಧಿಸಲೂಬೇಕು. ಅದರ ಜೊತೆಗೆ ನಮ್ಮ ಕಡೆಯ ಲೆಕ್ಕವನ್ನೂ ನಾವು ಸರಿಯಾಗಿ ಇಟ್ಟುಕೊಳ್ಳಬೇಕು. ಝಕಾತ್ ಯಾರಿಗೆ ಸಲ್ಲಬೇಕು ಎಂದು ಕುರ್‌ಆನಿನ ತೌಬಾ ಅಧ್ಯಾಯದಲ್ಲಿ ಎಂಟು ವರ್ಗಗಳನ್ನು ಹೆಸರಿಸಿ ಹೇಳಲಾಗಿದೆ. ಅದು ಬಡವರ ಹಕ್ಕು, ನಮ್ಮ ಕೈಯಲ್ಲಿರುವ ಅಮಾನತ್. ಇನ್ನೊಬ್ಬರ ಅಮಾನತ್ ಎಲ್ಲಿಗೆ ಹೋಯಿತು ಅಂತ ಕೇಳೋದು ಹೇಗೆ ತಪ್ಪಾಗುತ್ತದೆ?

ಮುಂಬೈಯಲ್ಲಿ ಸತ್ತ ಆ ಒಂಬತ್ತು ದಾಳಿಕೋರರ ಹೆಣಗಳನ್ನು ಮಣ್ಣು ಮಾಡಲು ಮರೀನ್ ಲೈನ್ಸ್‌ನ ಬಡಾ ಖಬರಸ್ತಾನ ನೋಡಿಕೊಳ್ಳುವ ಜಾಮಾ ಮಸೀದಿ ಟ್ರಸ್ಟ್ ಒಪ್ಪಲಿಲ್ಲ. ಮುಂಬೈಯ ಮುಸ್ಲಿಮರು ಅದರ ಬೆನ್ನಿಗೆ ನಿಂತರು. ಹೆಣಗಳು ಒಂದು ವರ್ಷಕ್ಕೂ ಹೆಚ್ಚು ಕಾಲ ಜೆ.ಜೆ. ಆಸ್ಪತ್ರೆಯ ಶವಾಗಾರದಲ್ಲೇ ಉಳಿದವು. 2010ರ ಜನವರಿಯಲ್ಲಿ ಸರಕಾರ ಅವನ್ನು ಗುಟ್ಟಾಗಿ ಹೂಳಿತು. ಸತ್ತವರಿಗೆ ಆರಡಿ ನೆಲ ನಿರಾಕರಿಸೋದು ನಮ್ಮಲ್ಲಿ ಸಣ್ಣ ತೀರ್ಮಾನ ಅಲ್ಲ. ಆ ಟ್ರಸ್ಟಿಗಳು ಅಷ್ಟು ಕಠಿಣವಾದದ್ದನ್ನು ಮಾಡಿದರು. ನಮ್ಮಿಂದ ಬೇಕಾಗಿರೋದು ಅದಕ್ಕಿಂತ ಬಹಳ ಸುಲಭದ ಕೆಲಸ. ಮುಂದಿನ ರಮಝಾನಿನಲ್ಲಿ ರಸೀದಿ ಹರಿಯುವ ಮುಂಚೆ ನಾಲ್ಕು ಮಾತು ಕೇಳಿ: ಸಂಸ್ಥೆ ನೋಂದಣಿ ಆಗಿದೆಯಾ, ಹೋದ ವರ್ಷದ ಆಡಿಟ್ ಎಲ್ಲಿದೆ, ಹಣ ಯಾರ ಖಾತೆಗೆ ಹೋಗುತ್ತದೆ, ನಾನು ಬಂದು ನೋಡಬಹುದಾ? ಪ್ರಾಮಾಣಿಕರು ಬೇಸರ ಮಾಡಿಕೊಳ್ಳೋದಿಲ್ಲ. ವಿಳಾಸ ಬರೆದುಕೊಟ್ಟು, ಖಂಡಿತ ಬನ್ನಿ ಅಂತಾರೆ. ಹಾಗಂದವರಿಗೆ ಕೈತುಂಬ ಕೊಡಿ.